ಉತ್ಥಾನಹೇತುವಿಮರ್ಶೆ: ವಿಮಾನದ ರೆಕ್ಕೆಯನ್ನು ಕುರಿತ ಎರಡು ಮತಗಳ ಪರೀಕ್ಷೆ

೧. ವಿಷಯಪ್ರವೇಶ

ಗಾಳಿಗಿಂತ ಎಷ್ಟೋ ಮಡಿ ಭಾರವಾದ ವಿಮಾನವು ಗಾಳಿಯನ್ನೇ ಆಧಾರವಾಗಿ ಪಡೆದು ನಿಲ್ಲುವುದಕ್ಕೆ ಹೇತುವೇನು ಎಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಎರಡು ಉತ್ತರಗಳು ಬಹುವಾಗಿ ಪ್ರಚಾರದಲ್ಲಿವೆ. ಮೊದಲನೆಯದು ಶಾಲೆಯ ಪುಸ್ತಕಗಳಲ್ಲಿಯೂ ಜನಪ್ರಿಯ ವಿಜ್ಞಾನಲೇಖನಗಳಲ್ಲಿಯೂ ಮತ್ತೆ ಮತ್ತೆ ಕಾಣುವಂಥದು. ಇದನ್ನು ನಾವು ದೀರ್ಘಮಾರ್ಗವಾದವೆಂದು ಕರೆಯುವೆವು. ಎರಡನೆಯದು ವೈಮಾನಿಕ ಶಾಸ್ತ್ರವೆಂಬ ಸಂಸ್ಕೃತ ಗ್ರಂಥವನ್ನು ಮುಂದಿಟ್ಟು, ಈ ವಿದ್ಯೆಯೆಲ್ಲ ಭರದ್ವಾಜ ಮಹರ್ಷಿಗಳಿಗೆ ತಿಳಿದಿತ್ತೆಂದು ಸಾಧಿಸುವಂಥದು, ಇದನ್ನು ಆರ್ಷವಾದವೆನ್ನಬಹುದು. ಮೊದಲನೆಯ ಪಕ್ಷದವರು ಎರಡನೆಯವರನ್ನು ಕಂಡು ನಗುವರು. ಎರಡನೆಯವರು ಮೊದಲನೆಯವರನ್ನು ಪರದೇಶದ ಎಂಜಲನ್ನು ಉಂಬವರೆಂದು ಜರೆಯುವರು. ಪರೀಕ್ಷಿಸಿ ನೋಡಿದರೆ ಉಭಯಪಕ್ಷಗಳೂ ಒಂದೇ ದೋಷದಿಂದ ದುಷ್ಟವಾಗಿರುವುವೆಂದೂ, ಆ ದೋಷವನ್ನು ತೋರಿಸುವ ಸಾಧನವು ತರ್ಕಸಂಗ್ರಹವನ್ನು ಓದಿದ ಬಾಲಕನ ಕೈಯಲ್ಲಿಯೂ ಇದೆಯೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಮರ್ಶೆಗೆ ನಿಮಿತ್ತವಾದ ಪ್ರಸಂಗವನ್ನು ಮೊದಲು ನಿವೇದಿಸಬೇಕಾಗಿದೆ. ಅದರಲ್ಲಿ ನನ್ನ ತಪ್ಪೇ ಮುಖ್ಯವಾದುದು. ಸಂಸ್ಕೃತ ಪಾಠಶಾಲೆಗಳಲ್ಲಿ ವ್ಯಾಕರಣವನ್ನೂ ನ್ಯಾಯವನ್ನೂ ಓದಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಪಾಠಪ್ರವಚನಗಳನ್ನು ಮಾಡಿಕೊಂಡು ಐವತ್ತು ದಾಟಿದವನು ನಾನು. ಕೆಲವು ವರ್ಷಗಳ ಹಿಂದೆ ಸವದತ್ತಿಗೆ ಸಮೀಪದ ಗ್ರಾಮವೊಂದರಲ್ಲಿ ರಾಮಾಯಣವನ್ನು ಹೇಳುತ್ತಿರಲು ಪುಷ್ಪಕದ ಪ್ರಸ್ತಾವ ಬಂದಿತು. ಕಾವ್ಯದ ಪುಷ್ಪಕವನ್ನು ಕಾವ್ಯದಲ್ಲಿಯೇ ಬಿಟ್ಟು ಮುಂದೆ ಹೋಗಬೇಕಾಗಿದ್ದ ನಾನು, ಸಭೆಯ ಉತ್ಸಾಹಕ್ಕೆ ಮರುಳಾಗಿ, ವೈಮಾನಿಕ ಶಾಸ್ತ್ರದ ಹೆಸರೆತ್ತಿ ಅರ್ಧಗಂಟೆ ಹೊಗಳಿದೆನು. ಆ ಗ್ರಂಥವನ್ನು ಅದುವರೆಗೆ ನಾನು ಆದ್ಯಂತವಾಗಿ ಓದಿರಲಿಲ್ಲ. ಸಭೆಯ ಹಿಂದಣ ಸಾಲಿನಿಂದ, ಇಂಜಿನಿಯರಿಂಗ್ ಓದುತ್ತಿದ್ದ ಒಕ್ಕಲುಮನೆಯ ಹುಡುಗನೊಬ್ಬನು ವಿನಯದಿಂದಲೇ ಎದ್ದು ನಿಂತು, “ಗುರುಗಳ, ಆ ವಿಮಾನ ಯಾವಾಗ ಬೀಳತೈತಿ ಅನ್ನೂದನ್ನ ಆ ಗ್ರಂಥದಾಗ ಬರದಾರೇನ್ರಿ?” ಎಂದು ಕೇಳಿದನು.

ನನ್ನಲ್ಲಿ ಉತ್ತರವಿರಲಿಲ್ಲ. ಮಾನ ಉಳಿಸಿಕೊಳ್ಳುವ ಸಲುವಾಗಿ, ಹಾಗಾದರೆ ನಿಮ್ಮ ವಿಮಾನ ಏತರಿಂದ ಹಾರುವುದೋ ಹೇಳೆಂದು ಅವನನ್ನೇ ಕೇಳಿದೆನು. ಅವನು ತನ್ನ ಪುಸ್ತಕದಲ್ಲಿದ್ದ ದೀರ್ಘಮಾರ್ಗವಾದವನ್ನು ಒಪ್ಪವಾಗಿ ಒಪ್ಪಿಸಿದನು. ಆಗ ಕಂಬಕ್ಕೆ ಒರಗಿ ಕುಳಿತಿದ್ದ ಮುದುಕರೊಬ್ಬರು, “ಹಂಗಾದ್ರ ಹುಡುಗೂರು ಹಾರಸೂ ಪಟಕ್ಕ ಮ್ಯಾಲ ಯಾವ ಡುಬ್ಬ ಐತ್ಯೋ ತಮ್ಮಾ?” ಎಂದರು. ಪಂಡಿತನೂ ವಿದ್ಯಾರ್ಥಿಯೂ ಒಂದೇ ಸಭೆಯಲ್ಲಿ ನಿರುತ್ತರರಾದೆವು. ಆ ಇಬ್ಬರು ಕೇಳಿದ ಎರಡು ಪ್ರಶ್ನೆಗಳೇ ಈ ಲೇಖನದ ಮೂಲ.

೨. ದೀರ್ಘಮಾರ್ಗವಾದ

ಪೂರ್ವಪಕ್ಷವನ್ನು ಮೊದಲು ಯಥಾವತ್ತಾಗಿ ಅನುವಾದಿಸುವೆವು. ವಿಮಾನದ ರೆಕ್ಕೆಯ ಮೇಲ್ಮೈ ಉಬ್ಬಿದೆ, ಕೆಳಮೈ ಬಹುಮಟ್ಟಿಗೆ ಸಮವಾಗಿದೆ. ರೆಕ್ಕೆಯ ಮುಂಚೂಣಿಯಲ್ಲಿ ಇಬ್ಭಾಗವಾದ ಗಾಳಿಯು ಹಿಂದಣ ಅಂಚಿನಲ್ಲಿ ಮತ್ತೆ ಒಂದುಗೂಡಬೇಕು. ಮೇಲಣ ದಾರಿ ಉದ್ದವಾದುದರಿಂದ ಆ ಭಾಗದ ಗಾಳಿ ಬೇಗ ಓಡಬೇಕಾಗುತ್ತದೆ. ವೇಗ ಹೆಚ್ಚಾದಲ್ಲಿ ಒತ್ತಡ ಕಡಿಮೆಯೆಂಬುದು ಡೇನಿಯಲ್ ಬರ್ನೂಲಿಯು ೧೭೩೮ರಲ್ಲಿ ಪ್ರಕಟಿಸಿದ ತತ್ತ್ವ. ಆದುದರಿಂದ ಮೇಲೆ ಒತ್ತಡ ಕಡಿಮೆಯಾಗಿ, ಕೆಳಗಿನ ಒತ್ತಡವು ರೆಕ್ಕೆಯನ್ನು ಎತ್ತುತ್ತದೆ. ಹೀಗೆ ಎತ್ತುವ ಬಲವನ್ನು ಮುಂದೆ ಉತ್ಥಾನಬಲವೆಂದು ವ್ಯವಹರಿಸುವೆವು.

ಈ ವಾದದಲ್ಲಿ ಬರ್ನೂಲಿಯ ತತ್ತ್ವವು ನಿರ್ದುಷ್ಟವಾದುದು. ಮೇಲಣ ಗಾಳಿ ಬೇಗ ಓಡುವುದೂ ಅಲ್ಲಿ ಒತ್ತಡ ಕಡಿಮೆಯಾಗಿರುವುದೂ ಅಳೆದು ಕಂಡ ಸಂಗತಿಗಳು. ದೋಷವಿರುವುದು ನಡುವಣ ಹೇತುವಿನಲ್ಲಿ, ಎಂದರೆ ಎರಡು ಪಾಲಿನ ಗಾಳಿಯೂ ಏಕಕಾಲದಲ್ಲಿ ಹಿಂದಣ ಅಂಚನ್ನು ಸೇರಬೇಕೆಂಬ ನಿಯಮದಲ್ಲಿ. ಇಂಥ ನಿಯಮವನ್ನು ಪ್ರಕೃತಿಯಲ್ಲಿ ಯಾರೂ ಕಂಡಿಲ್ಲ. ಬೇರೆಯಾದ ಗಾಳಿಯ ಕಣಗಳಿಗೆ ಮತ್ತೆ ಕೂಡಿಕೊಳ್ಳಬೇಕೆಂಬ ಹಂಗು ಯಾವುದೂ ಇಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಹೋಲ್ಗರ್ ಬಾಬಿನ್ಸ್ಕಿ ಎಂಬ ವಿದ್ವಾಂಸರು ೨೦೦೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಗಾಳಿಯಲ್ಲಿ ಹೊಗೆಯನ್ನು ತುಣುಕು ತುಣುಕಾಗಿ ಬಿಟ್ಟು ತೋರಿಸಿದ ಪ್ರಯೋಗವಿದೆ. ಅದರಲ್ಲಿ ಮೇಲಣ ಹೊಗೆ ಕೆಳಗಣ ಹೊಗೆಗಿಂತ ಸ್ಪಷ್ಟವಾಗಿ ಮೊದಲೇ ಹಿಂದಣ ಅಂಚನ್ನು ದಾಟಿಹೋಗುತ್ತದೆ, ಎರಡೂ ಒಂದುಗೂಡುವುದಿಲ್ಲ. ಆದುದರಿಂದ ಹೇತುವು ಪ್ರತ್ಯಕ್ಷಬಾಧಿತ.

ಇನ್ನು ಪ್ರಮಾಣದಿಂದಲೂ ಪರೀಕ್ಷಿಸಬಹುದು. ೧,೧೦೦ ಕಿಲೋಗ್ರಾಂ ತೂಕದ, ೧೬ ಚದರ ಮೀಟರು ರೆಕ್ಕೆಯ ಸಣ್ಣ ವಿಮಾನವೊಂದನ್ನು ಭಾವಿಸಿಕೊಳ್ಳೋಣ. ನಮ್ಮ ಭಾಗಕ್ಕೆ ಸಮೀಪವಾದ ಬೆಳಗಾವಿಯ ಸಾಂಬ್ರಾ ನಿಲ್ದಾಣವು ಸಮುದ್ರಮಟ್ಟದಿಂದ ಸುಮಾರು ೭೫೮ ಮೀಟರು ಎತ್ತರದಲ್ಲಿದೆ. ಅಲ್ಲಿ ಒಂದು ಘನಮೀಟರು ಗಾಳಿಯ ತೂಕ ಸುಮಾರು ೧.೧ ಕಿಲೋಗ್ರಾಂ. ವಿಮಾನವು ಗಂಟೆಗೆ ೧೮೦ ಕಿಲೋಮೀಟರು ವೇಗದಲ್ಲಿ ಹೋಗುತ್ತಿರಲಿ. ಅದರ ರೆಕ್ಕೆಯ ಪ್ರತಿ ಚದರ ಮೀಟರೂ ಸುಮಾರು ೬೯ ಕಿಲೋಗ್ರಾಂ ಭಾರವನ್ನು ಹೊರಬೇಕು. ಇಂಥ ವಿಮಾನಗಳ ಸಾಮಾನ್ಯ ರೆಕ್ಕೆಗಳಲ್ಲಿ ಮೇಲಣ ದಾರಿಯು ಕೆಳಗಣ ದಾರಿಗಿಂತ ನೂರಕ್ಕೆ ಎರಡರ ಆಸುಪಾಸಿನಲ್ಲಿ ಮಾತ್ರ ಉದ್ದವಾಗಿರುತ್ತದೆ. ಅಷ್ಟೇ ಪ್ರಮಾಣದಲ್ಲಿ ಮೇಲಣ ವೇಗ ಹೆಚ್ಚೆಂದು ಒಪ್ಪಿ ಬರ್ನೂಲಿಯ ಲೆಕ್ಕ ಹಾಕಿದರೆ ಬರುವ ಬಲವು ಚದರ ಮೀಟರಿಗೆ ಆರು ಕಿಲೋಗ್ರಾಂ ಭಾರಕ್ಕೂ ಕಡಿಮೆ. ಇಡೀ ರೆಕ್ಕೆ ಎತ್ತಬಲ್ಲುದು ಸುಮಾರು ೯೦ ಕಿಲೋಗ್ರಾಂ, ಎಂದರೆ ಒಬ್ಬ ಮನುಷ್ಯನೂ ಅವನ ಗಂಟೂ. ೧,೧೦೦ ಕಿಲೋಗ್ರಾಂ ಎತ್ತಬೇಕಾದರೆ ಮೇಲಣ ದಾರಿಯು ನೂರಕ್ಕೆ ಇಪ್ಪತ್ತೆರಡರಷ್ಟು ಉದ್ದವಾಗಿರಬೇಕು. ಅಂಥ ಡುಬ್ಬವುಳ್ಳ ರೆಕ್ಕೆ ಇಂಥ ವಿಮಾನಗಳಿಗಿಲ್ಲ.

ಮುದುಕರ ಪ್ರಶ್ನೆಗೆ ಈಗ ಬರೋಣ. ಕಿತ್ತೂರಿನ ಕೋಟೆಯ ಬಯಲಿನಲ್ಲಿ ಹುಡುಗರು ಹಾರಿಸುವ ಪಟವು ಎರಡು ಕಡ್ಡಿಗಳ ಮೇಲೆ ಬಿಗಿದ ತೆಳ್ಳನೆಯ ಕಾಗದ. ಅದಕ್ಕೆ ಮೇಲಣ ದಾರಿ ಉದ್ದ, ಕೆಳಗಣ ದಾರಿ ಗಿಡ್ಡ ಎಂಬ ಭೇದವೇ ಇಲ್ಲ. ಆದರೂ ಅದು ಏರುತ್ತದೆ. ಕಸರತ್ತಿನ ವಿಮಾನಗಳಲ್ಲಿ ಮೇಲುಕೆಳಗು ಸಮವಾದ ರೆಕ್ಕೆಯುಳ್ಳವು ಅನೇಕ. ಅವು ಬೆನ್ನು ಕೆಳಗಾಗಿಯೂ ಹಾರುತ್ತವೆ. ಇಲ್ಲೆಲ್ಲ ಕಾರಣವೆಂದು ಹೇಳಿದುದು ಇಲ್ಲದಿದ್ದರೂ ಕಾರ್ಯವಿದೆ. ಇದು ವ್ಯತಿರೇಕವ್ಯಭಿಚಾರ. ಕಾರಣವಿದ್ದೂ ಕಾರ್ಯವಿಲ್ಲದ ಅನ್ವಯವ್ಯಭಿಚಾರವು ಇದಕ್ಕಿಂತ ಗಂಭೀರವಾದುದು. ಅದು ಉತ್ಥಾನವು ಮುರಿಯುವ ಪ್ರಕರಣದಲ್ಲಿ ಪ್ರಕಟವಾಗುವುದು.

೩. ಅಭಿಘಾತಮಾತ್ರವಾದ

ದೀರ್ಘಮಾರ್ಗವಾದವನ್ನು ಬಿಟ್ಟವರಲ್ಲಿ ಕೆಲವರು ಮತ್ತೊಂದು ತುದಿಗೆ ಹೋಗುವರು. ಗಾಳಿಯ ಕಣಗಳು ರೆಕ್ಕೆಯ ಕೆಳಮೈಗೆ ಬಡಿದು ಕೆಳಕ್ಕೆ ಪುಟಿಯುವುವು, ಆ ಪೆಟ್ಟಿನಿಂದಲೇ ರೆಕ್ಕೆ ಏಳುವುದು ಎಂದು ಅವರ ಮತ. ನ್ಯೂಟನ್ನನು ೧೬೮೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಿಡಿಬಿಡಿಯಾದ ಕಣಗಳ ಪೆಟ್ಟನ್ನು ಕುರಿತು ಮಾಡಿದ ವಿಚಾರವನ್ನು ರೆಕ್ಕೆಗೆ ಹಚ್ಚಿದರೆ ಈ ಮತ ಹುಟ್ಟುತ್ತದೆ. ಇದರಲ್ಲಿ ಸತ್ಯಾಂಶವುಂಟು, ಗಾಳಿ ಕೆಳಕ್ಕೆ ಹೋಗಲೇಬೇಕು. ಆದರೆ ಇದು ಮೇಲ್ಮೈಯ ಕಾರ್ಯವನ್ನು ಪೂರ್ತಿಯಾಗಿ ಮರೆತಿದೆ. ಲೆಕ್ಕ ಹಾಕಿದರೆ, ಗಾಳಿಗೆ ಐದು ಅಂಶದಷ್ಟು ಓರೆಯಾದ ತೆಳ್ಳನೆಯ ರೆಕ್ಕೆಗೆ ಈ ಮತವು ಕೊಡುವ ಬಲಕ್ಕಿಂತ ಗಾಳಿಯನ್ನು ಎಡೆಬಿಡದ ಪ್ರವಾಹವೆಂದು ತಿಳಿದು ಮಾಡಿದ ಲೆಕ್ಕದ ಬಲವು ಮೂವತ್ತು ಪಟ್ಟಿಗೂ ಹೆಚ್ಚು. ಪ್ರಯೋಗವು ಎರಡನೆಯದಕ್ಕೇ ಸಮೀಪವಾಗಿದೆ. ಗಾಳಿಯು ಕಣಕ್ಕೆ ಎರಚಿದ ಜೋಳದ ಕಾಳುಗಳಂತೆ ಬಿಡಿಬಿಡಿಯಾಗಿ ಬಂದು ಬಡಿಯುವುದಿಲ್ಲ; ಕಾಲುವೆಯ ನೀರಿನಂತೆ ಒಂದನ್ನೊಂದು ಒತ್ತಿಕೊಂಡು, ರೆಕ್ಕೆ ಬರುವ ಮೊದಲೇ ದಾರಿಯನ್ನು ಬಾಗಿಸಿಕೊಂಡು ಹರಿಯುತ್ತದೆ.

೪. ಸಿದ್ಧಾಂತ

ಹಾಗಾದರೆ ಸಿದ್ಧಾಂತವೇನು? ಗುರುತ್ವವೇ ಪತನಕ್ಕೆ ಕಾರಣವೆಂಬುದು ಕಣಾದರಿಂದ ಮೊದಲ್ಗೊಂಡು ವೈಶೇಷಿಕರು ಒಪ್ಪಿದ ಮಾತು. ಭಾರವಾದುದು ಬೀಳದೆ ನಿಲ್ಲಬೇಕಾದರೆ ಅದನ್ನು ಮೇಲಕ್ಕೆ ಒತ್ತುವ ಬೇರೊಂದು ಇರಬೇಕು. ವಿಮಾನಕ್ಕೆ ಆ ಬೇರೊಂದು ಗಾಳಿಯೇ. ರೆಕ್ಕೆಯು ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿಯು ಅಷ್ಟೇ ಬಲದಿಂದ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ. ಕ್ರಿಯೆಯೂ ಪ್ರತಿಕ್ರಿಯೆಯೂ ಒಂದನ್ನೊಂದು ಬಿಟ್ಟಿರವು.

ಆದರೆ ರೆಕ್ಕೆಯು ತನ್ನ ಮೇಲಣ ಗಾಳಿಯನ್ನು ತಿರುಗಿಸುವುದು ಹೇಗೆ? ಜೋಳದ ಹೊಲದಲ್ಲಿ ಹಕ್ಕಿ ಹೊಡೆಯುವವನು ಕವಣೆ ಬೀಸುವುದನ್ನು ನೋಡಿರಿ. ಕಲ್ಲು ವರ್ತುಲವಾಗಿ ತಿರುಗಬೇಕಾದರೆ ಹಗ್ಗವು ಅದನ್ನು ನಡುವಿನ ಕಡೆಗೆ ಎಳೆಯುತ್ತಲೇ ಇರಬೇಕು. ಎಳೆತ ತಪ್ಪಿದೊಡನೆ ಕಲ್ಲು ನೇರವಾಗಿ ಹಾರಿಹೋಗುವುದು. ರೆಕ್ಕೆಯ ಮೈಯನ್ನು ಅನುಸರಿಸಿ ಕೆಳಮುಖವಾಗಿ ಬಾಗುವ ಗಾಳಿಗೂ ಹಾಗೆಯೇ ಒಳಮುಖವಾದ ಬಲ ಬೇಕು. ಗಾಳಿಗೆ ಹಗ್ಗವಿಲ್ಲ, ಒತ್ತಡವೊಂದೇ ಉಂಟು. ಆದುದರಿಂದ ಬಾಗಿನ ಹೊರಗಡೆ ಒತ್ತಡ ಹೆಚ್ಚಾಗಿಯೂ ಒಳಗಡೆ, ಎಂದರೆ ರೆಕ್ಕೆಯ ಮೈಯ ಹತ್ತಿರ, ಕಡಿಮೆಯಾಗಿಯೂ ಇರಲೇಬೇಕು. ದೂರದಲ್ಲಿರುವುದು ಸಹಜವಾದ ವಾಯುಭಾರ. ಅದಕ್ಕಿಂತ ರೆಕ್ಕೆಯ ಮೇಲ್ಮೈಯಲ್ಲಿ ಒತ್ತಡ ಕುಗ್ಗುತ್ತದೆ. ಕುಗ್ಗಿದ ಒತ್ತಡದ ಕಡೆಗೆ ಗಾಳಿ ಧಾವಿಸುವುದರಿಂದ ಅದರ ವೇಗ ಹೆಚ್ಚುತ್ತದೆ. ಇಲ್ಲಿ ಬರ್ನೂಲಿಯ ತತ್ತ್ವಕ್ಕೆ ಅದರ ಸ್ಥಾನ ಸಿಕ್ಕಿತು. ದಾರಿಯ ಉದ್ದದಿಂದ ವೇಗ ಬಂದಿತೆಂಬುದು ಮಾತ್ರ ಬಿದ್ದುಹೋಯಿತು.

ಈ ಬಾಗುವಿಕೆಗೆ ಪ್ರಧಾನ ಕಾರಣ ರೆಕ್ಕೆಯು ಎದುರು ಬರುವ ಗಾಳಿಗೆ ಒಡ್ಡಿಕೊಂಡ ಓರೆ. ಇದನ್ನು ಅಭಿಘಾತಕೋನವೆಂದು ಕರೆಯುವೆವು. ಮೇಲ್ಮೈಯ ಉಬ್ಬು ಸಹಕಾರಿ. ಅದು ಗಾಳಿಯನ್ನು ನಯವಾಗಿ ಬಾಗಿಸಲು ನೆರವಾಗುತ್ತದೆ, ಅದಿಲ್ಲದೆಯೂ ಕೆಲಸ ನಡೆದೀತು. ಮೇಲುಕೆಳಗು ಸಮವಾದ ರೆಕ್ಕೆಯಲ್ಲಿ ಕೋನವು ಇಮ್ಮಡಿಯಾದರೆ ಬಲವೂ ಬಹುಮಟ್ಟಿಗೆ ಇಮ್ಮಡಿಯಾಗುತ್ತದೆ. ಕೋನವೇ ಇಲ್ಲದಿದ್ದರೆ ಬಲವೂ ಇಲ್ಲ. ಇದಲ್ಲದೆ ಬಲವು ಗಾಳಿಯ ಸಾಂದ್ರತೆಯನ್ನೂ, ರೆಕ್ಕೆಯ ವಿಸ್ತಾರವನ್ನೂ, ವೇಗದ ವರ್ಗವನ್ನೂ ಅನುಸರಿಸುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ. ಗಾಳಿ ನಿಂತು ವಿಮಾನ ಓಡಿದರೂ, ಪಟದಲ್ಲಿರುವಂತೆ ಪಟ ನಿಂತು ಗಾಳಿ ಓಡಿದರೂ ಫಲ ಒಂದೇ. ರಾಮದುರ್ಗದ ಕಡೆಯ ಕಣಗಳಲ್ಲಿ ಗಾಳಿ ನಿಂತಾಗ ರಾಶಿ ತೂರುವವನು ಮೊರ ಕೆಳಗಿಟ್ಟು ಕೂಡುವುದೂ, ಗಾಳಿ ನಿಂತಾಗ ಪಟದ ಹುಡುಗ ದಾರ ಹಿಡಿದು ಓಡತೊಡಗುವುದೂ ಇದನ್ನು ಬಲ್ಲದ್ದರಿಂದಲೇ.

ಈ ವಿಷಯವನ್ನು ಗಣಿತಕ್ಕೆ ಒಳಪಡಿಸಿದವರು ಜರ್ಮನಿಯ ಕುಟ್ಟಾ (೧೯೦೨) ಮತ್ತು ರಷ್ಯದ ಝುಕೋವ್ಸ್ಕಿ (೧೯೦೬). ರೆಕ್ಕೆಯ ಹಿಂದಣ ಅಂಚು ಚೂಪಾಗಿರುವುದರಿಂದಲೂ ಗಾಳಿಗೆ ಅಲ್ಪವಾದರೂ ಸ್ನಿಗ್ಧತೆ ಇರುವುದರಿಂದಲೂ ಪ್ರವಾಹವು ಆ ಅಂಚಿನಿಂದ ನಯವಾಗಿ ಬಿಟ್ಟುಹೋಗುವುದೆಂದೂ, ಆ ನಿಯಮವೇ ಬಲದ ಪರಿಮಾಣವನ್ನು ನಿರ್ಣಯಿಸುವುದೆಂದೂ ಸಿದ್ಧವಾಯಿತು. ರೈಟ್ ಸಹೋದರರು ಇಂಥ ಗಣಿತವಿಲ್ಲದೆ, ೧೯೦೧ರಲ್ಲಿ ತಾವೇ ಕಟ್ಟಿದ ಗಾಳಿಯ ಸುರಂಗದಲ್ಲಿ ಬಗೆಬಗೆಯ ರೆಕ್ಕೆಗಳನ್ನು ಅಳೆದು ನೋಡಿ, ೧೯೦೩ರ ಡಿಸೆಂಬರ್ ೧೭ರಂದು ಮೊದಲ ಬಾರಿಗೆ ೧೨ ಸೆಕೆಂಡು ಹಾರಿದರು. ಅವರ ಕೈಗೆ ಫಲ ಕೊಟ್ಟುದು ಅಳತೆ.

೫. ಉತ್ಥಾನಭಂಗ

“ಯಾವಾಗ ಬೀಳತೈತಿ” ಎಂಬ ಹುಡುಗನ ಪ್ರಶ್ನೆಗೆ ಉತ್ತರ ಈ ಪ್ರಕರಣದಲ್ಲಿದೆ. ಕೋನ ಹೆಚ್ಚಿದಂತೆ ಬಲ ಹೆಚ್ಚುವುದೆಂದೆವು. ಹಾಗಾದರೆ ಕೋನವನ್ನು ಹೆಚ್ಚಿಸುತ್ತಲೇ ಹೋಗಬಹುದೆ? ಕೂಡದು. ಸಾಮಾನ್ಯವಾದ ರೆಕ್ಕೆಗಳಲ್ಲಿ ಹದಿನೈದು ಅಂಶಗಳ ಆಸುಪಾಸಿನಲ್ಲಿ ಒಂದು ಮೇರೆಯುಂಟು. ಅದನ್ನು ಮೀರಿದೊಡನೆ ಗಾಳಿಯು ಮೇಲ್ಮೈಯನ್ನು ಬಿಟ್ಟು ಸಿಡಿಯುತ್ತದೆ. ಉತ್ಥಾನಬಲ ಕುಸಿದು ಎದುರೆಳೆತ ಹೆಚ್ಚುತ್ತದೆ. ವೈಮಾನಿಕರು ಇದನ್ನು ಸ್ಟಾಲ್ ಎನ್ನುವರು, ನಾವು ಉತ್ಥಾನಭಂಗವೆನ್ನುವೆವು.

ಇದರ ಕಾರಣವನ್ನು ೧೯೦೪ರಲ್ಲಿ ಹೈಡೆಲ್‌ಬರ್ಗಿನ ವಿದ್ವತ್ಸಭೆಯಲ್ಲಿ ಲುಡ್ವಿಗ್ ಪ್ರಾಂಡ್ಲ್ ಎಂಬವರು ನಿರೂಪಿಸಿದರು. ರೆಕ್ಕೆಯ ಮೈಗೆ ತಾಗಿದ ತೆಳ್ಳನೆಯ ಗಾಳಿಯ ಪದರವು ಘರ್ಷಣೆಯಿಂದ ವೇಗವನ್ನು ಕಳೆದುಕೊಂಡಿರುತ್ತದೆ, ಇದು ಸೀಮಾಸ್ತರ. ಮೇಲ್ಮೈಯ ಮುಂಭಾಗದಲ್ಲಿ ಒತ್ತಡ ಅತಿ ಕಡಿಮೆ. ಹಿಂದಕ್ಕೆ ಹೋದಂತೆ ಒತ್ತಡ ಮತ್ತೆ ಏರಿ ಸಹಜಸ್ಥಿತಿಗೆ ಬರಬೇಕು. ಆದುದರಿಂದ ಗಾಳಿಯು ಹಿಂದಣ ಭಾಗದಲ್ಲಿ ಒತ್ತಡದ ಏರನ್ನು ಹತ್ತಬೇಕಾಗುತ್ತದೆ. ಇಳಿಜಾರಿನಲ್ಲಿ ಓಡಿಬಂದ ಚಕ್ಕಡಿಯು ಎದುರಿನ ದಿನ್ನೆಯನ್ನು ಬಂದ ವೇಗದಿಂದಲೇ ಹತ್ತುವುದು. ತಗ್ಗಿನ ಎರೆಮಣ್ಣಿನ ಕೆಸರಿನಲ್ಲಿ ವೇಗ ಕಳೆದುಕೊಂಡಿತೋ, ದಿನ್ನೆಯ ನಡುವೆ ನಿಂತು ಹಿಂದಕ್ಕೆ ಜಾರುವುದು. ಸೀಮಾಸ್ತರದ ಗತಿಯೂ ಇದೇ. ಕೋನ ಹೆಚ್ಚಿದಷ್ಟೂ ದಿನ್ನೆ ಕಡಿದಾಗುತ್ತದೆ. ಒಂದು ಹಂತದಲ್ಲಿ ಆ ಪದರ ನಿಂತು, ಹಿಂದಿರುಗಿ, ಮೇಲಣ ಪ್ರವಾಹವನ್ನೆಲ್ಲ ರೆಕ್ಕೆಯಿಂದ ದೂರಕ್ಕೆ ನೂಕುತ್ತದೆ. ಪ್ರಾಂಡ್ಲ್‌ರ ಬಳಿ ಗಟಿಂಗೆನ್ನಿನಲ್ಲಿ ಓದಿದ ವಿ. ಎಂ. ಘಾಟಗೆಯವರು ಬೆಂಗಳೂರಿಗೆ ಬಂದು ೧೯೪೨ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನವಿದ್ಯೆಯ ವಿಭಾಗವು ಆರಂಭವಾದಾಗ ಅದರಲ್ಲಿ ಮುಖ್ಯರಾಗಿದ್ದರೆಂಬುದೂ, ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-೨ ಎಂಬ ಶಿಕ್ಷಣವಿಮಾನವು ೧೯೫೧ರಲ್ಲಿ ಹಾರಿತೆಂಬುದೂ ಕನ್ನಡಿಗರು ನೆನೆಯತಕ್ಕ ಸಂಗತಿಗಳು.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು, ಭಂಗವು ಕೋನದಿಂದ ಆಗುವುದೇ ಹೊರತು ವೇಗ ಕಡಿಮೆಯಾದುದರಿಂದಲೇ ಅಲ್ಲ. ಮೇಲೆ ಹೇಳಿದ ವಿಮಾನವು ನೇರವಾಗಿ ಹಾರುವಾಗ ಗಂಟೆಗೆ ಸುಮಾರು ೧೦೩ ಕಿಲೋಮೀಟರಿಗಿಂತ ವೇಗ ತಗ್ಗಿದರೆ, ಭಾರವನ್ನು ಹೊರಲು ಮೇರೆ ಮೀರಿದ ಕೋನ ಬೇಕಾಗಿ ಭಂಗಕ್ಕೆ ಒಳಗಾಗುವುದು. ಅದೇ ವಿಮಾನ ಅರವತ್ತು ಅಂಶ ವಾಲಿಕೊಂಡು, ಎತ್ತರ ಕಳೆದುಕೊಳ್ಳದೆ ತಿರುಗುವಾಗ ರೆಕ್ಕೆಯು ಇಮ್ಮಡಿ ಭಾರವನ್ನು ಹೊರಬೇಕಾದುದರಿಂದ ಗಂಟೆಗೆ ೧೪೫ ಕಿಲೋಮೀಟರು ವೇಗದಲ್ಲಿಯೇ ಭಂಗವಾಗುವುದು. ಎರಡನೆಯದು, ಪರಿಹಾರವು ಸಹಜಬುದ್ಧಿಗೆ ವಿರುದ್ಧವಾಗಿದೆ. ಬೀಳುವವನು ಮೂಗನ್ನು ಮೇಲಕ್ಕೆತ್ತಲು ಹವಣಿಸುವನು. ಎತ್ತಿದಷ್ಟೂ ಭಂಗ ಬಲವಾಗುವುದು. ಮೂಗನ್ನು ತಗ್ಗಿಸಿ ಕೋನವನ್ನು ಇಳಿಸಿದಾಗಲೇ ಗಾಳಿ ಮತ್ತೆ ರೆಕ್ಕೆಗೆ ಅಂಟುವುದು.

ಇದು ಬರಿಯ ವಾದದ ಮಾತಲ್ಲ. ಜರ್ಮನಿಯ ಒಟ್ಟೊ ಲಿಲಿಯೆಂಥಾಲನು ೧೮೯೬ರ ಆಗಸ್ಟ್ ೯ರಂದು ಗಾಳಿಯಲ್ಲಿ ಜಾರುವ ತನ್ನ ಯಂತ್ರವು ಉತ್ಥಾನಭಂಗಕ್ಕೆ ಸಿಕ್ಕಿ ಬಿದ್ದು ಮರುದಿನ ತೀರಿಕೊಂಡನು. ೨೦೦೯ರ ಜೂನ್ ೧ರಂದು ರಿಯೊ ದ ಜನೈರೊದಿಂದ ಪ್ಯಾರಿಸಿಗೆ ಹೊರಟಿದ್ದ ಏರ್ ಫ್ರಾನ್ಸಿನ ೪೪೭ನೆಯ ವಿಮಾನದಲ್ಲಿ, ವೇಗಮಾಪಕಗಳಿಗೆ ಮಂಜು ಕಟ್ಟಿ ಅಳತೆ ತಪ್ಪಿದಾಗ ಚಾಲಕರು ಮೂಗನ್ನು ಎತ್ತಿದರು. ಭಂಗವಾದ ಮೇಲೂ ಎತ್ತಿಯೇ ಹಿಡಿದರು. ಯಂತ್ರಗಳು ನಡೆಯುತ್ತಿದ್ದುವು, ರೆಕ್ಕೆಗಳು ಅಖಂಡವಾಗಿದ್ದುವು. ಆದರೂ ಸುಮಾರು ೩೮,೦೦೦ ಅಡಿಗಳ ಎತ್ತರದಿಂದ ಮೂರೂವರೆ ನಿಮಿಷಗಳಲ್ಲಿ ವಿಮಾನವು ಸಮುದ್ರಕ್ಕೆ ಬಿದ್ದು ೨೨೮ ಮಂದಿ ಮಡಿದರು.

ಈಗ ದೀರ್ಘಮಾರ್ಗವಾದಿಯನ್ನು ಕೇಳುವೆವು. ಆ ರೆಕ್ಕೆಗಳ ಮೇಲಣ ದಾರಿ ಆ ಮೂರೂವರೆ ನಿಮಿಷಗಳಲ್ಲಿ ಗಿಡ್ಡವಾಯಿತೆ? ಇಲ್ಲ. ಕಾರಣವು ಇದ್ದಂತೆಯೇ ಇದ್ದು ಕಾರ್ಯವು ನಷ್ಟವಾಯಿತು. ಇದೇ ಅನ್ವಯವ್ಯಭಿಚಾರ. ಮಣ್ಣಿದ್ದರೂ ಚಕ್ರವಿಲ್ಲದಿದ್ದರೆ ಗಡಿಗೆಯಾಗದು, ಹಾಗೆಯೇ ಇಲ್ಲಿ ಸಾಮಗ್ರಿಯಲ್ಲಿ ಬೇರೊಂದು ಕೊರತೆಯಾಗಿರಬೇಕೆಂದು ಅವನು ಸಮಾಧಾನ ಹೇಳಬಹುದು. ಒಳ್ಳೆಯದು, ಆ ಕೊರತೆ ಯಾವುದೆಂದು ಹೇಳಲಿ. ಗಾಳಿಯು ಮೈಗೆ ಅಂಟಿಕೊಂಡು ಬಾಗುವುದು ತಪ್ಪಿತು ಎಂದರೆ ನಮ್ಮ ಸಿದ್ಧಾಂತವನ್ನೇ ಒಪ್ಪಿದಂತಾಯಿತು. ಬೇರೆ ಹೇಳಲು ಅವನ ಮತದಲ್ಲಿ ಏನೂ ಇಲ್ಲ. ಹಾರುವುದನ್ನು ಹೇಳಿ ಬೀಳುವುದನ್ನು ಹೇಳಲಾರದ ಮತವು ಹಾರುವುದನ್ನೂ ತಿಳಿದಿರಲಿಲ್ಲವೆಂದೇ ನಿರ್ಣಯ.

ಪಟದ ಹುಡುಗನು ಇದನ್ನು ಕೈಯಿಂದಲೇ ಬಲ್ಲನು. ಸೂತ್ರವನ್ನು ತಪ್ಪಾಗಿ ಕಟ್ಟಿ ಪಟವು ಗಾಳಿಗೆ ಅತಿಯಾಗಿ ಎದೆಗೊಟ್ಟರೆ ಅದು ನಡುಗಿ ಹಿಂದಕ್ಕೆ ಬೀಳುತ್ತದೆ. ಅವನು ಕಾಗದವನ್ನು ಬದಲಿಸುವುದಿಲ್ಲ. ಸೂತ್ರದ ಗಂಟನ್ನು ಸರಿಸಿ ಓರೆಯನ್ನು ತಿದ್ದುತ್ತಾನೆ.

೬. ಆರ್ಷವಾದ

ಇನ್ನು ವೈಮಾನಿಕ ಶಾಸ್ತ್ರ. ಈ ಗ್ರಂಥವನ್ನು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ೧೯೧೮ರಿಂದ ೧೯೨೩ರವರೆಗೆ ಬಾಯಿಂದ ಹೇಳಿದರೆಂದೂ, ವೆಂಕಟಾಚಲ ಶರ್ಮರು ಬರೆದುಕೊಂಡರೆಂದೂ, ಚಿತ್ರಗಳನ್ನು ಬೆಂಗಳೂರಿನ ಎಲ್ಲಪ್ಪ ಎಂಬ ನಕ್ಷೆಗಾರರು ಬರೆದರೆಂದೂ ಪ್ರಕಾಶಕರೇ ತಿಳಿಸಿದ್ದಾರೆ. ೧೯೫೯ರಲ್ಲಿ ಹಿಂದಿಯಲ್ಲಿಯೂ, ೧೯೭೩ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರರಿಂದ ಇಂಗ್ಲಿಷಿನಲ್ಲಿಯೂ ಪ್ರಕಟವಾಯಿತು. ಗ್ರಂಥದ ರೂಪ ಭರದ್ವಾಜರ ಸೂತ್ರ, ಬೋಧಾನಂದರ ವೃತ್ತಿ ಎಂಬಂತಿದೆ. ಲೋಹ, ದರ್ಪಣ, ಯಂತ್ರ, ಚಾಲಕನ ಆಹಾರವಸ್ತ್ರಗಳು, ಮೂವತ್ತೆರಡು ರಹಸ್ಯಗಳು ಮುಂತಾದುವು ಅದರ ವಿಷಯ.

೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಐವರು, ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು ಎಂಬವರು, ಇದನ್ನು ಪರೀಕ್ಷಿಸಿ ಲೇಖನವೊಂದನ್ನು ಪ್ರಕಟಿಸಿದರು. ಭಾಷೆಯಿಂದಲೂ ಪ್ರಾಪ್ತಿಯ ಚರಿತ್ರೆಯಿಂದಲೂ ಗ್ರಂಥವು ೧೯೦೪ಕ್ಕಿಂತ ಹಿಂದಿನದಾಗಿರಲಾರದೆಂದೂ, ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳಲ್ಲಿ ಯಾವುದೂ ವರ್ಣಿಸಿದ ರೂಪದಲ್ಲಿ ಹಾರಲಾರದೆಂದೂ ಅವರ ನಿರ್ಣಯ. ಅವರು ದ್ವೇಷದಿಂದ ಬರೆದರೆನ್ನುವಂತಿಲ್ಲ. ರುಕ್ಮವಿಮಾನದಲ್ಲಿ ಗಾಳಿಯನ್ನು ಮೇಲಿನಿಂದ ಸೆಳೆದು ಕೊಳವೆಗಳ ಮೂಲಕ ಕೆಳಕ್ಕೆ ನೂಕುವ ಕಲ್ಪನೆಯಿದ್ದು ಅದೊಂದಕ್ಕೆ ಅರ್ಥವುಂಟೆಂದು ಅವರು ಒಪ್ಪಿದ್ದಾರೆ. ಗಾಳಿಯನ್ನು ಕೆಳಕ್ಕೆ ಕಳುಹಿಸುವುದೇ ಉತ್ಥಾನದ ಮೂಲವೆಂದು ನಾವೂ ಮೇಲೆ ಕಂಡೆವು. ಆ ಐವರಲ್ಲಿ ಒಬ್ಬರಾದ ನಾಗೇಂದ್ರರು ಅನಂತರ ಯೋಗವಿದ್ಯೆಯ ಪ್ರಚಾರಕ್ಕೆ ತಮ್ಮ ಬಾಳನ್ನು ಮೀಸಲಿಟ್ಟವರು.

ಆ ಲೇಖನ ಬಂದ ಮೇಲೂ ಆರ್ಷವಾದ ನಿಂತಿಲ್ಲ. ೨೦೧೫ರ ಜನವರಿಯಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿಯೂ ಪ್ರಾಚೀನ ವಿಮಾನಗಳನ್ನು ಕುರಿತ ಪ್ರಬಂಧವನ್ನು ಓದಿದರು. ನಾನೂ ಸವದತ್ತಿಯ ಬಳಿ ಅದನ್ನೇ ಮಾಡಿದವನು. ಆದುದರಿಂದ ಗ್ರಂಥವನ್ನು ತರಿಸಿ ಓದಿದ ಮೇಲೆ ಸಂಸ್ಕೃತವನ್ನು ಬಲ್ಲವನಾಗಿ ನನಗೆ ತೋರಿದುದನ್ನು ಹೇಳಬೇಕು. ಶಾಸ್ತ್ರವೆಂದರೆ ಹೆಸರುಗಳ ಪಟ್ಟಿಯಲ್ಲ. ವ್ಯಾಕರಣವು ಸಾಧುಶಬ್ದವನ್ನು ಹೇಳುವುದರ ಜೊತೆಗೆ ಶಬ್ದವು ಎಲ್ಲಿ ಅಸಾಧುವಾಗುವುದೆಂಬುದನ್ನೂ ತೋರಿಸಿಕೊಡುತ್ತದೆ. ಆಯುರ್ವೇದವು ಪಥ್ಯವನ್ನೂ ಅಪಥ್ಯವನ್ನೂ ಹೇಳುತ್ತದೆ. ನ್ಯಾಯವು ಸದ್ಧೇತುವನ್ನು ಹೇಳಿ ಅಲ್ಲಿಗೇ ಬಿಡದೆ ಐದು ಬಗೆಯ ಹೇತ್ವಾಭಾಸಗಳನ್ನು ಎಣಿಸುತ್ತದೆ. ಇಂಥ ಲಕ್ಷಣವನ್ನು ಕಲಿಸಿದ ಪರಂಪರೆಯಲ್ಲಿ ಬೆಳೆದವನು, ಅನುಷ್ಟುಪ್ ಛಂದಸ್ಸಿನಲ್ಲಿದೆ, ಋಷಿಯ ಹೆಸರಿದೆ ಎಂಬ ಮಾತ್ರಕ್ಕೆ ಒಂದು ಗ್ರಂಥವನ್ನು ಪ್ರಮಾಣವೆಂದು ಸ್ವೀಕರಿಸಿದರೆ, ಅವನು ಅವಮಾನಿಸುವುದು ತನ್ನ ಗುರುಗಳನ್ನೇ. ಆಪ್ತವಾಕ್ಯವೇನೋ ಪ್ರಮಾಣ, ಆದರೆ ವಕ್ತೃವು ಆಪ್ತನೆಂಬುದು ಮೊದಲು ಸಿದ್ಧವಾಗಬೇಕು, ವಾಕ್ಯವು ಪ್ರತ್ಯಕ್ಷದಿಂದ ಬಾಧಿತವಾಗಿರಕೂಡದು.

ಸುಬ್ಬರಾಯ ಶಾಸ್ತ್ರಿಗಳ ಮೇಲೆ ದೋಷವನ್ನು ಹೊರಿಸುವುದು ನಮ್ಮ ಉದ್ದೇಶವಲ್ಲ. ಅವರು ಹೇಳಿದುದನ್ನು ಭರದ್ವಾಜರ ಯಂತ್ರಶಾಸ್ತ್ರವೆಂದು ಜನರ ಮುಂದೆ ಇಟ್ಟು ಕೀರ್ತಿ ಪಡೆಯುತ್ತಿರುವವರು ನಾವು, ಈಗಿನ ಪಂಡಿತರು. ದೋಷವೂ ನಮ್ಮದೇ. ಪುಷ್ಪಕಕ್ಕೆ ಅಭಿಘಾತಕೋನ ಬೇಕಿಲ್ಲ. ಅದು ಕವಿಯ ಪ್ರತಿಭೆಯಿಂದ ಎದ್ದು ಸಹೃದಯರ ಹೃದಯದಲ್ಲಿ ಇಳಿಯುವಂಥದು. ಅದನ್ನು ಲೋಹದ ಯಂತ್ರವೆಂದು ಸಾಧಿಸಹೊರಟರೆ ಕಾವ್ಯವೂ ಕೆಟ್ಟಿತು, ಯಂತ್ರವೂ ಆಗಲಿಲ್ಲ.

೭. ಉಪಸಂಹಾರ

ಸವದತ್ತಿಯ ಸುತ್ತಣ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳು ತಿರುಗುತ್ತಿವೆ. ಅವುಗಳ ನೀಳವಾದ ಅಲಗುಗಳೂ ರೆಕ್ಕೆಗಳೇ. ವಿಮಾನವನ್ನು ಎತ್ತುವ ಬಲವೇ ಅವನ್ನು ತಿರುಗಿಸುತ್ತದೆ. ಬಿರುಗಾಳಿಯಲ್ಲಿ ಅತಿವೇಗವನ್ನು ತಡೆಯಲು ಹಿಂದಿನ ಬಗೆಯ ಗಾಳಿಯಂತ್ರಗಳಲ್ಲಿ ಉತ್ಥಾನಭಂಗವನ್ನೇ ಉಪಾಯವಾಗಿ ಬಳಸುತ್ತಿದ್ದರು; ಈಚಿನವುಗಳಲ್ಲಿ ಅಲಗಿನ ಕೋನವನ್ನೇ ತಿರುಗಿಸಿ ಬಲವನ್ನು ತಗ್ಗಿಸುವರು. ಭಂಗದ ಜ್ಞಾನವು ಅನರ್ಥವನ್ನು ತಪ್ಪಿಸಲು ಮಾತ್ರವಲ್ಲ, ಕಾರ್ಯವನ್ನು ಸಾಧಿಸಲೂ ಬೇಕೆಂಬುದಕ್ಕೆ ಇದು ನಿದರ್ಶನ. ಎಲ್ಲಮ್ಮನ ಗುಡ್ಡದ ಅಂಚಿನಲ್ಲಿ ತೇಲುವ ಹದ್ದು ಬಂಡೆಯ ಮೇಲೆ ಇಳಿಯುವ ಕ್ಷಣದಲ್ಲಿ ರೆಕ್ಕೆಗಳನ್ನು ಗಾಳಿಗೆ ನೆಟ್ಟಗೆ ಒಡ್ಡಿ ವೇಗವನ್ನು ಕಳೆದುಕೊಳ್ಳುವುದನ್ನು ಯಾತ್ರಿಕರು ಯಾರಾದರೂ ನೋಡಬಹುದು.

ಪಠ್ಯಪುಸ್ತಕಗಳನ್ನು ಬರೆಯುವ ಮಹಾಶಯರಲ್ಲಿ ನಮ್ಮದೊಂದು ವಿಜ್ಞಾಪನೆ. ದೀರ್ಘಮಾರ್ಗದ ಚಿತ್ರವನ್ನು ತೆಗೆದುಹಾಕಿ ಅಲ್ಲಿ ಪಟದ ಚಿತ್ರವನ್ನು ಇಡಬೇಕು. ರೆಕ್ಕೆ ಹೇಗೆ ಏಳುತ್ತದೆ ಎಂಬ ಪಾಠದ ಪಕ್ಕದಲ್ಲಿಯೇ ಹೇಗೆ ಬೀಳುತ್ತದೆ ಎಂಬುದನ್ನೂ ಹೇಳಬೇಕು. ನನ್ನಂಥ ಪ್ರವಚನಕಾರರಲ್ಲಿಯೂ ಒಂದು ವಿಜ್ಞಾಪನೆಯುಂಟು. ಓದದ ಗ್ರಂಥವನ್ನು ಹೊಗಳಬಾರದು. ಮರುವರ್ಷ ಅದೇ ಗ್ರಾಮಕ್ಕೆ ಹೋದಾಗ ಹಿಂದೆ ಹೇಳಿದುದು ತಪ್ಪೆಂದು ಸಭೆಗೆ ಅರಿಕೆ ಮಾಡಿಕೊಂಡೆನು. ಹುಡುಗನು ಊರಿನಲ್ಲಿರಲಿಲ್ಲ. ಮುದುಕರು ಕಂಬದ ಹತ್ತಿರವೇ ಕುಳಿತಿದ್ದರು. ಪಟಕ್ಕೆ ಡುಬ್ಬ ಬೇಕಿಲ್ಲವೆಂದೂ, ಸೂತ್ರ ಸರಿಯಾಗಿರಬೇಕೆಂದೂ ನಾನು ಹೇಳಿದಾಗ, ಅದು ತಮಗೆ ಮೊದಲೇ ಗೊತ್ತಿತ್ತೆಂದು ಅವರು ನಕ್ಕರು.